ನಿನ್ನೆಯ ಬೆಲೆ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅತ್ತೆ ಕುರ್ಚಿಯಿಂದ ಏಳದೆಯೇ ಮಾರುಕಟ್ಟೆಗೆ ಹೋಗಿಬಂದದ್ದನ್ನು ಸೊಸೆ ಕಣ್ಣಾರೆ ಕಂಡಳು.

ಜ್ವರವೆಂದು ಮನೆಯಲ್ಲಿದ್ದಳು, ಅದಕ್ಕೇ ಕಂಡಳು. ಬೇರೆ ದಿನವಾಗಿದ್ದರೆ ಆ ಹೊತ್ತಿಗೆ ಕಚೇರಿಯ ಎರಡನೇ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತು, ಇದೇ ಅತ್ತೆ ಕಳಿಸಿದ ಬೆಲೆಗಳನ್ನು ಪಟ್ಟಿಗೆ ಸೇರಿಸುತ್ತಿರುತ್ತಿದ್ದಳು. ಅವಳದು ಬೆಲೆ ವಿಭಾಗ. ಊರಿನ ನಲವತ್ತೊಂದು ಜನ, ಅವರಲ್ಲಿ ದರ್ಜಿ ಇದ್ದರು, ಗಡಿಯಾರ ರಿಪೇರಿಯವರಿದ್ದರು, ಬಸ್ ಕಂಡಕ್ಟರ್ ಇದ್ದರು, ದಿನಾ ತಮ್ಮ ಬೀದಿಯ ಅಂಗಡಿಗೆ ಹೋಗಿ ಅಕ್ಕಿ, ಬೇಳೆ, ಎಣ್ಣೆ, ಈರುಳ್ಳಿ, ಮೊಟ್ಟೆ ಈ ಐದರ ಬೆಲೆ ನೋಡಿ ಫೋನಿನಲ್ಲಿ ಕಳಿಸುತ್ತಿದ್ದರು. ಸಂಬಳವಿಲ್ಲ, ಒಂದು ಲೋಟ ಚಹಾ ಕೂಡ ಇಲ್ಲ. ಅವರು ಕಳಿಸಿದ್ದನ್ನೆಲ್ಲ ಕೂಡಿಸಿ ಊರಿನಲ್ಲಿ ಬೆಲೆ ಇಷ್ಟಿದೆ ಎಂದು ಗೊತ್ತುಮಾಡುವುದು ಅವಳ ಕೆಲಸ. ಆ ಪಟ್ಟಿಯನ್ನು ನೋಡಿಯೇ ಎರಡು ತಿಂಗಳಿಗೊಮ್ಮೆ ಶಿಶುವಿಹಾರದ ಮಕ್ಕಳ ಊಟಕ್ಕೆ ತಲೆಗೆ ಇಷ್ಟು ಎಂದು ನಿಗದಿಯಾಗುತ್ತಿತ್ತು. ವರದಿಗಾರರೆಲ್ಲ ಅವಳನ್ನು ಬೆಲೆಯಕ್ಕ ಎಂದೇ ಕರೆಯುತ್ತಿದ್ದರು.

ಈ ನಲವತ್ತೊಂದು ಜನರನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಬೆಲೆಯಕ್ಕ ಪಟ್ಟ ಪಾಡು ಅಷ್ಟಿಷ್ಟಲ್ಲ. ಮೊದಮೊದಲು ಎಲ್ಲರೂ ಆರಂಭಶೂರರು. ಆರು ತಿಂಗಳು ಕಳೆಯುವಷ್ಟರಲ್ಲಿ ಒಬ್ಬರಿಗೆ ಬಿಸಿಲು, ಒಬ್ಬರಿಗೆ ನೆಗಡಿ, ಮತ್ತೊಬ್ಬರಿಗೆ ಅಂಗಡಿಯವನ ಜೊತೆ ಜಗಳ. ಇಪ್ಪತ್ತೈದಕ್ಕಿಂತ ಕೆಳಗಿಳಿದರೆ ವಿಭಾಗಕ್ಕೆ ಬೀಗ ಎಂದು ಮುಖ್ಯಸ್ಥರು ಒಂದು ದಿನ ಹೇಳಿದರು. ಮನೆಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ಹೆಂಗಸು ಅವಳು. ಒಬ್ಬೊಬ್ಬರಿಗೂ ಫೋನ್ ಮಾಡಿದಳು, ಥ್ಯಾಂಕ್ಸ್ ಬರೆದಳು, ನೂರು ದಿನ ತಪ್ಪದೆ ಕಳಿಸಿದವರ ಫೋನಿಗೆ ಒಂದು ನಕ್ಷತ್ರ ಬರುವಂತೆ ಮಾಡಿಸಿದಳು. ಆದರೂ ಜನ ಉದುರುತ್ತಲೇ ಹೋದರು. ಕೊನೆಗೆ, ನಾಲ್ಕು ತಿಂಗಳ ಹಿಂದೆ, ಅವಳಿಗೇ ಒಂದು ಉಪಾಯ ಹೊಳೆಯಿತು. ಬೆಲೆ ಬದಲಾಗದ ದಿನ ಐದೈದು ಅಂಕಿ ಒತ್ತಿ ಬರೆಯುವ ತಾಪತ್ರಯ ಯಾಕೆ? ನೋಡಿಬಂದು, ಬದಲಾಗಿಲ್ಲವಾದರೆ, ಒಂದೇ ಬಟನ್ ಒತ್ತಿದರೆ ಸಾಕು: 'ನಿನ್ನೆಯ ಬೆಲೆಯೇ'.

ಹದಿನೈದೇ ದಿನಕ್ಕೆ ಇಪ್ಪತ್ತೊಂಬತ್ತಿದ್ದವರು ನಲವತ್ತೊಂದಾದರು. ಮುಖ್ಯಸ್ಥರು ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಜೆ ಕಾಲೇಜಿನಲ್ಲಿ ಓದಿ ಗುಮಾಸ್ತೆಯಾದವಳಿಗೆ ಅದು ಜೀವಮಾನದ ಮೊದಲ ಚಪ್ಪಾಳೆ.

ಈಗ ಆ ಬಟನ್ ಅತ್ತೆಯ ಹೆಬ್ಬೆರಳಿನ ಕೆಳಗಿತ್ತು. ಅತ್ತೆ ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಒಮ್ಮೆ ಒತ್ತಿದರು. ಫೋನು ಟಿಣ್ ಎಂದಿತು.

"ಆಯ್ತಪ್ಪ, ಇವತ್ತಿನದು ಮುಗೀತು."

"ಏನು ಮುಗೀತು ಅತ್ತೆ?"

"ಬೆಲೆ ಕಳಿಸೋದು."

ಸೊಸೆ ಬಾಗಿಲ ಕಡೆ ನೋಡಿದಳು. ಅತ್ತೆಯ ಚಪ್ಪಲಿ ಮೂಲೆಯಲ್ಲಿತ್ತು. ಅದರ ಮೇಲೆ ಕೂತ ಧೂಳಿನಲ್ಲಿ ಬೆರಳಿನಿಂದ ಹೆಸರು ಬರೆಯಬಹುದಿತ್ತು.

"ಅಂಗಡಿಗೆ ಯಾವಾಗ ಹೋಗಿದ್ರಿ?"

"ಇವತ್ತು ಹೋಗಿಲ್ಲ. ಎಲ್ಲಾ ನಿನ್ನೆಯದೇ ಇರತ್ತೆ ಬಿಡು."

"ನಿನ್ನೆ ಹೋಗಿದ್ರಾ?"

"ನಿನ್ನೆ ಮೊನ್ನೆಯದೇ ಇತ್ತು."

"ಮೊನ್ನೆ?"

ಅತ್ತೆ ಫೋನು ಕೆಳಗಿಟ್ಟರು. "ಏನಮ್ಮ, ಪೊಲೀಸ್‌ನೋರ ಥರ ಕೇಳ್ತಿದ್ದೀಯ? ಜ್ವರ ತಲೆಗೇರ್ತಾ?"

"ಕೊನೇ ಸಲ ಅಂಗಡಿ ಹತ್ರ ಹೋಗಿದ್ದು ಯಾವಾಗ, ಅದನ್ನ ಹೇಳಿ ಅತ್ತೆ."

"ನೀನು ಆ ಬಟನ್ ಮಾಡಿಸ್ಕೊಟ್ಯಲ್ಲ, ಅದಕ್ಕೆ ಮುಂಚೆ. ಮಂಡಿನೋವು ಇಟ್ಕೊಂಡು ದಿನಾ ಅಷ್ಟು ದೂರ ನಡೀತಿದ್ದೆ. ನಮ್ಮ ಸೊಸೆ ಪುಣ್ಯಾತ್ಗಿತ್ತಿ, ನನ್ನ ಕಾಲು ಉಳಿಸಿದ್ಳು ಅಂತ ಪಕ್ಕದ್ಮನೆಯವಳ ಹತ್ರನೂ ಹೇಳ್ದೆ. ಅವಳೂ ಹಾಗೇ ಒತ್ತೋದು. ಅವಳು ಹಾಸಿಗೆಯಿಂದಾನೇ ಒತ್ತಿಬಿಡ್ತಾಳೆ, ನಾನಾದ್ರೂ ಎದ್ದು ಮುಖ ತೊಳ್ಕೊಂಡು ಒತ್ತೀನಿ."

ಬೆಲೆಯಕ್ಕ ಎದ್ದು ನಿಂತಳು. ಮನೆಗೆ ಬೇಕಾದ ದಿನಸಿ, ಮೊಟ್ಟೆ ಎಲ್ಲ ಅವಳ ಗಂಡ ತರುತ್ತಿದ್ದ. ವ್ಯಾನ್ ಓಡಿಸುವವನು, ಮೊಟ್ಟೆಯನ್ನಂತೂ ಊರಾಚೆಯ ಕೋಳಿ ಫಾರಂನಿಂದಲೇ ಹೊತ್ತು ತರುತ್ತಿದ್ದ. ಹಾಗೆ ನೋಡಿದರೆ ಅವಳೇ ಒಂದು ಅಂಗಡಿಯ ಮುಂದೆ ನಿಂತು ಎಷ್ಟು ಕಾಲವಾಯಿತು? ಲೆಕ್ಕ ಹಾಕಲು ಹೋಗಿ ಹೆದರಿ ನಿಲ್ಲಿಸಿದಳು. ಹೆಸರು ಬೆಲೆಯಕ್ಕ, ದೀಪದ ಬುಡದಲ್ಲೇ ಕತ್ತಲು.

ಶಾಲು ಹೊದ್ದು ಹೊರಟಳು. "ಜ್ವರದಲ್ಲಿ ಎಲ್ಲಿಗೇ?" ಎಂದು ಅತ್ತೆ ಕೂಗಿದ್ದು ಕೇಳಿಸಿತು.

ಮೊಟ್ಟೆಯಂಗಡಿ ಮಾರುಕಟ್ಟೆಯ ತುದಿಯಲ್ಲಿತ್ತು. ಟ್ರೇಗಳ ಗೋಡೆಯ ನಡುವೆ ಅಂಗಡಿಯವನ ತಲೆ ಮಾತ್ರ ಕಾಣುತ್ತಿತ್ತು. ಮುಂದೆ ನೇತುಹಾಕಿದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಹತ್ತಕ್ಕೆ ಐವತ್ತೆರಡು. ಅವಳು ಎರಡು ಸಲ ಓದಿದಳು. ನಿನ್ನೆ ಸಂಜೆ ಅವಳೇ ಮುಚ್ಚಿಟ್ಟು ಬಂದ ಪಟ್ಟಿಯಲ್ಲಿ ಮೂವತ್ತಾರು ಎಂದಿತ್ತು.

"ಹತ್ತು ಮೊಟ್ಟೆಗೆ ಎಷ್ಟಪ್ಪ?"

"ಬೋರ್ಡ್ ಕಣ್ಣಿಗೆ ಬೀಳ್ಲಿಲ್ವಾ ಅಕ್ಕಾ? ಐವತ್ತೆರಡು."

"ಮೂವತ್ತಾರು ಅಲ್ವಾ?"

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿ, ಎದುರಿನ ಎಣ್ಣೆ ಅಂಗಡಿಯವನಿಗೆ ಕೂಗಿದ. "ಲೋ, ಇಲ್ಲೊಬ್ಬರಿಗೆ ಮೂವತ್ತಾರಕ್ಕೆ ಎಲ್ಲೋ ಸಿಕ್ತಿದೆಯಂತೆ. ಅಡ್ರೆಸ್ ಕೇಳ್ಕೋ, ಇಬ್ರೂ ಅಲ್ಲೇ ಹೋಗಿ ತರೋಣ." ಆಮೇಲೆ ಅವಳು ನಗದಿರುವುದನ್ನು ಕಂಡು ದನಿ ತಗ್ಗಿಸಿದ. "ಊರಲ್ಲಿ ಇರ್ಲಿಲ್ವಾ ಅಕ್ಕಾ? ಏರಿ ಹತ್ತು ವಾರ ಆಯ್ತು. ಎಣ್ಣೆ ಕೇಳಿದ್ರೆ ನೀವು ಇಲ್ಲೇ ಕೂತ್ಬಿಡ್ತೀರಿ."

"ಇಲ್ಲಿಗೆ ಬಂದು ಬೆಲೆ ಬರ್ಕೊಂಡು ಹೋಗೋರು ಯಾರೂ ಇಲ್ವಾ?"

"ಮುಂಚೆ ಬರೋರು. ಒಬ್ರು ಅಜ್ಜಿ ಅಂತೂ ದಿನಾ ಬರೋರು, ಕನ್ನಡಕ ಹಣೆ ಮೇಲೆ ಇಟ್ಕೊಂಡು. ಪಾಪ, ಈಗಿಲ್ಲ. ತೀರ್ಕೊಂಡ್ರು ಅನ್ಸತ್ತೆ."

ಅವಳು ಅಲ್ಲಿಂದ ಮನೆಗೆ ಹೋಗಲಿಲ್ಲ, ಕಚೇರಿಗೆ ಹೋದಳು. ಮೆಟ್ಟಿಲು ಹತ್ತುವಾಗ ಇನ್ನೂ ಒಂದು ಆಸೆಯ ಎಳೆ ಹಿಡಿದುಕೊಂಡಿದ್ದಳು: ಅತ್ತೆಯೊಬ್ಬರೇ ಇರಬಹುದು, ಪಕ್ಕದ ಮನೆಯವಳೊಬ್ಬಳೇ ಇರಬಹುದು. ಕಂಪ್ಯೂಟರ್ ತೆರೆದು ನಾಲ್ಕು ತಿಂಗಳ ವರದಿಗಳನ್ನು ಹೆಸರು ಹೆಸರಾಗಿ ಬಿಡಿಸಿ ನೋಡಿದಳು. ಮೊಟ್ಟೆ ಮೂವತ್ತಾರು, ಮೂವತ್ತಾರು, ಮೂವತ್ತಾರು. ದರ್ಜಿಯದು ಮೂವತ್ತಾರು. ಗಡಿಯಾರ ರಿಪೇರಿಯವರದು ಮೂವತ್ತಾರು. ಕಂಡಕ್ಟರ್ ಎರಡು ವಾರ ಊರಲ್ಲೇ ಇರಲಿಲ್ಲ, ತಂಗಿಯ ಮನೆಗೆ ಹೋಗುತ್ತೇನೆಂದು ಅವಳಿಗೇ ಹೇಳಿ ಹೋಗಿದ್ದರು. ಆ ಎರಡು ವಾರವೂ ಅವರದು ಮೂವತ್ತಾರು. ನಲವತ್ತೊಂದರಲ್ಲಿ ಮೂವತ್ತೇಳು ಜನ ಬಟನ್ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಕೋಣ ಈದಿದೆ ಎಂದರೆ ಕರು ಕಟ್ಟು ಎಂದ ಹಾಗೆ, ಅವರು ಕಳಿಸಿದರು, ಇವಳು ಕಟ್ಟಿಕೊಂಡಳು. ಕಟ್ಟಿಕೊಂಡು ದಿನಾ ಥ್ಯಾಂಕ್ಸ್ ಹೇಳಿದಳು.

ಹಾಗಾದರೆ ಉಳಿದ ನಾಲ್ವರು? ಅವರು ಏನು ಕಳಿಸಿದ್ದರು?

ಅದನ್ನು ಹುಡುಕಲು ಹೋದಾಗಲೇ ನಿಜವಾದ ಏಟು ಬಿದ್ದದ್ದು. ಪಟ್ಟಿಗೆ ಒಂದು ನಿಯಮವಿತ್ತು. ಉಳಿದವರಿಗಿಂತ ಕಾಲು ಭಾಗಕ್ಕಿಂತ ಹೆಚ್ಚು ವ್ಯತ್ಯಾಸವಿದ್ದ ಬೆಲೆ ತಾನಾಗಿ 'ಹೊಂದದ ವರದಿ' ಎಂಬ ಬುಟ್ಟಿಗೆ ಹೋಗುತ್ತಿತ್ತು. ಕೈತಪ್ಪಿ ಸೊನ್ನೆ ಹೆಚ್ಚಾಗಿ ಒತ್ತಿದವರನ್ನು ಹಿಡಿಯಲೆಂದು ಮಾಡಿದ ನಿಯಮ. ಬೆಲೆಯಕ್ಕ ಆ ಬುಟ್ಟಿ ತೆರೆದಳು. ಮೊಟ್ಟೆ ನಲವತ್ತಾರು. ನಲವತ್ತೆಂಟು. ಐವತ್ತು. ಐವತ್ತೊಂದು. ಹತ್ತು ವಾರಗಳ ನಿಜ ಅಷ್ಟೂ ಅಲ್ಲಿ ಮುದುಡಿಕೊಂಡು ಬಿದ್ದಿತ್ತು. ಅದರಲ್ಲಿ ಹತ್ತೊಂಬತ್ತು ವರದಿಗಳು ಒಬ್ಬರವೇ: ಕಾಲುವೆಯಾಚೆಯ ಶಿಶುವಿಹಾರದ ಅಡುಗೆಯಮ್ಮನದು.

ಪ್ರತಿ ವರದಿಯ ಕೆಳಗೂ ತಾನಾಗಿ ಹೋದ ಒಂದು ಉತ್ತರವಿತ್ತು. ಎರಡು ವರ್ಷದ ಹಿಂದೆ, ಯಾರ ಮನಸ್ಸೂ ನೋಯಬಾರದೆಂದು ಏಳು ಸಲ ತಿದ್ದಿ ಬೆಲೆಯಕ್ಕನೇ ಬರೆದದ್ದು. 'ನಿಮ್ಮ ಶ್ರಮಕ್ಕೆ ಧನ್ಯವಾದ. ನೀವು ಕಳಿಸಿದ ಬೆಲೆ ಉಳಿದವರ ಬೆಲೆಗೆ ಹೊಂದುತ್ತಿಲ್ಲ. ದಯವಿಟ್ಟು ಮತ್ತೊಮ್ಮೆ ಸರಿಯಾಗಿ ನೋಡಿ ಕಳಿಸಿ.' ಹತ್ತೊಂಬತ್ತು ಸಲ. ಹತ್ತೊಂಬತ್ತನೆಯದರ ಆಮೇಲೆ ಅಡುಗೆಯಮ್ಮ ಕಳಿಸಿದ್ದೇ ಇಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅವಳಿಗೆ ಇನ್ನೊಂದು ನೆನಪಾಯಿತು, ನೆನಪಾಗಬಾರದಿತ್ತು. ಈ ಅಡುಗೆಯಮ್ಮನಿಗೆ ಅವಳು ಒಮ್ಮೆ ತಾನಾಗಿಯೇ ಫೋನ್ ಮಾಡಿದ್ದಳು. ಒಳ್ಳೆಯ ಮಾತಿನಲ್ಲಿ, ನಗುನಗುತ್ತಾ ಕೇಳಿದ್ದಳು: "ಅಮ್ಮಾ, ಕನ್ನಡಕ ಬದಲಾಯಿಸೋ ಹೊತ್ತಾಯ್ತೇನೋ ಅಲ್ವಾ?"

ಮುಖ್ಯಸ್ಥರು ಮೂರನೇ ಮಹಡಿಯಲ್ಲಿದ್ದರು. ಅವಳು ಎಲ್ಲವನ್ನೂ ಹೇಳಿ ಮುಗಿಸುವವರೆಗೂ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದರು.

"ಮೊಟ್ಟೆ ಐವತ್ತೆರಡು ಅಂತ ನನಗೂ ಗೊತ್ತಿತ್ತು ಕಣಮ್ಮ," ಎಂದರು ಕೊನೆಗೆ. "ಮನೆಯಲ್ಲಿ ದಿನಾ ಬೈಸ್ಕೊಳ್ತೀನಿ."

"ಗೊತ್ತಿದ್ದೂ ಪಟ್ಟಿಗೆ ಸಹಿ ಹಾಕಿದ್ರಾ ಸರ್?"

"ನಮ್ಮ ಬೀದೀಲಿ ಮಾತ್ರ ಹೆಚ್ಚಿರಬೇಕು ಅಂದ್ಕೊಂಡೆ. ನಲವತ್ತೊಂದು ಜನ ಸುಳ್ಳು ಹೇಳ್ತಾರಾ?" ಆ ಮಾತು ಅವರಿಗೇ ಕೇಳಿಸಿತೋ ಏನೋ, ಪೆನ್ನನ್ನು ಕೆಳಗಿಟ್ಟರು. "ಪಟ್ಟಿ ನಾಳೆ ಮಧ್ಯಾಹ್ನ ಹೋಗ್ಬೇಕು. ಹೋಯ್ತು ಅಂದ್ರೆ ಎರಡು ತಿಂಗಳು ಅದೇ. ನಮ್ಮ ವರದಿಗಾರರು ಮನೇಲಿ ಕೂತು ಬಟನ್ ಒತ್ತಿದ್ರು ಅಂತ ನಾನು ಮೇಲೆ ಬರೆದ್ರೆ ವಿಭಾಗಾನೇ ಮುಚ್ತಾರೆ. ನಿಮ್ಮ ಮೇಜೂ ಹೋಗತ್ತೆ."

"ಬರೀದೆ ಇದ್ರೆ ಮಕ್ಕಳ ಊಟ ಹೋಗತ್ತೆ ಸರ್."

ಅವರು ಬೀರುವಿನಿಂದ ನಿಯಮಗಳ ಪುಸ್ತಕ ತೆಗೆದು ಬೆರಳಿಟ್ಟು ಓದಿದರು. ಹಳೆಯ ವರದಿಗಾರರು ಹತ್ತು ಮಂದಿ, ಹತ್ತು ಬೇರೆ ಬೇರೆ ಅಂಗಡಿಗಳಿಂದ, ಬೆಲೆಯ ಹಲಗೆಯ ಫೋಟೊ ಸಮೇತ ಒಂದೇ ದಿನ ಕಳಿಸಿದರೆ ಪಟ್ಟಿಯನ್ನು ತಿದ್ದಬಹುದು. "ನಾಳೆ ಹನ್ನೆರಡರೊಳಗೆ ಹತ್ತು. ಒಂಬತ್ತು ಬಂದ್ರೆ ನನ್ನ ಕೈಲಿ ಏನೂ ಇಲ್ಲ. ಬಂದ್ರೂ ಬರದೇ ಇದ್ರೂ, ಬಟನ್ ವಿಷಯ ನಾನು ಬರೆಯಲೇಬೇಕು. ಅದು ನಿಮ್ಮ ತಲೆ ಮೇಲೇ ಬರತ್ತೆ."

"ಬರ್ಲಿ ಸರ್," ಎಂದಳು.

ಮಧ್ಯಾಹ್ನ ಶಿಶುವಿಹಾರದ ಅಡುಗೆಮನೆಯ ಹಿಂಬಾಗಿಲಿನಲ್ಲಿ ನಿಂತಾಗ ಅಡುಗೆಯಮ್ಮ ಬೇಯಿಸಿದ ಮೊಟ್ಟೆಯನ್ನು ದಾರದಿಂದ ಕೊಯ್ಯುತ್ತಿದ್ದರು. ದಾರದ ಒಂದು ತುದಿ ಹಲ್ಲಿನಲ್ಲಿ, ಒಂದು ತುದಿ ಬೆರಳಿಗೆ ಸುತ್ತಿ, ಮೊಟ್ಟೆಯನ್ನು ನಡುವೆ ಒತ್ತಿ ಎಳೆದರೆ ಎರಡಾಗುತ್ತಿತ್ತು. ಮತ್ತೊಮ್ಮೆ ಎಳೆದರೆ ನಾಲ್ಕು. ತಟ್ಟೆಯಲ್ಲಿ ಹದಿನೈದು ಮೊಟ್ಟೆಯ ಸಿಪ್ಪೆ ಇತ್ತು, ಗೋಡೆಯ ಹಲಗೆಯ ಮೇಲೆ ಮಕ್ಕಳ ಸಂಖ್ಯೆ ಅರವತ್ತು ಎಂದು ಬರೆದಿತ್ತು. ಚಾಕು ಹಿಡಿದರೆ ಚೂರು ಅಂಟಿ ಹಾಳಾಗುತ್ತದೆಂದು ದಾರ.

"ನಾನು ಬೆಲೆ ವಿಭಾಗದವಳು ಅಮ್ಮ," ಎಂದಳು.

ಅಡುಗೆಯಮ್ಮ ಹಲ್ಲಿನಿಂದ ದಾರ ಬಿಡಿಸಿಕೊಂಡರು. "ಓ, ಧನ್ಯವಾದದೋರು. ಬನ್ನಿ. ಕನ್ನಡಕ ತಂದಿದ್ದೀರಾ?"

ಬೆಲೆಯಕ್ಕನ ಕಣ್ಣು ಕೊಯ್ದಿಟ್ಟ ಚೂರುಗಳ ಮೇಲಿತ್ತು.

"ಮೊದಲು ಒಂದೊಂದು ಕೊಡ್ತಿದ್ದೆ," ಅಡುಗೆಯಮ್ಮ ಇನ್ನೊಂದು ಮೊಟ್ಟೆ ಎತ್ತಿಕೊಂಡರು. "ಆಮೇಲೆ ಅರ್ಧ. ಎಣ್ಣೆ, ಬೇಳೆ ಎರಡೂ ಏರಿ ಮೊಟ್ಟೆ ದುಡ್ಡನ್ನ ತಿಂದ್ಬಿಟ್ವು. ಮೂರು ಪಾಲು ಮಾಡೋಣ ಅಂದ್ರೆ ದಾರಕ್ಕೆ ಬರಲ್ಲ. ಅದಕ್ಕೆ ನಾಲ್ಕು. ನಾಲ್ಕು ಮಾಡಿದ್ರೆ ಹಳದಿ ಒಂದೇ ಕಡೆ ಜಾರತ್ತೆ. ಹಳದಿ ಸಿಗದೋರು ನನ್ನ ಮುಖ ನೋಡ್ತಾರೆ. ನಾನೇನು ಹೇಳ್ಲಿ, ನಿಮ್ಮ ಹಳದಿ ಹೊಂದಲಿಲ್ಲ ಕಣ್ರಪ್ಪ ಅಂತ ಹೇಳ್ಲಾ?"

"ನೀವು ಬರೆದದ್ದೇ ಸರಿ ಇತ್ತು. ತಪ್ಪು ನಂದು."

"ಅದು ನನಗೆ ಗೊತ್ತಿತ್ತಲ್ಲಮ್ಮ. ಹೊಸದೇನು ಹೇಳಿದ್ರಿ?"

"ನಾಳೆ ಒಂದು ದಿನ ಕಳಿಸಿ. ಹತ್ತು ಜನ ಬೇಕು. ನಾಳೆ ಕಳಿಸಿದ್ರೆ ಬೆಲೆ ತಿದ್ದಬಹುದು."

ಅಡುಗೆಯಮ್ಮ ಕೈ ನಿಲ್ಲಿಸಿ ಅವಳನ್ನು ನೋಡಿದರು. ಕೋಪವಿದ್ದಿದ್ದರೆ ಬೆಲೆಯಕ್ಕ ತಡೆದುಕೊಳ್ಳುತ್ತಿದ್ದಳು. ಅಲ್ಲಿ ಇದ್ದದ್ದು ದಣಿವು ಮಾತ್ರ. "ನೋಡಿ, ನಾನು ದಿನಾ ಬೆಳಿಗ್ಗೆ ಆ ಅಂಗಡಿ ಮುಂದೆ ನಿಂತು ಐದೂ ಬೆಲೆ ಓದಿ, ಮತ್ತೆ ಇನ್ನೊಂದ್ಸಲ ಓದಿ ಕಳಿಸ್ತಿದ್ದೆ. ಹತ್ತೊಂಬತ್ತನೇ ದಿನ ನನಗೇ ಅನುಮಾನ ಬಂತು. ಊರೆಲ್ಲ ಮೂವತ್ತಾರು ಅಂತಿದೆ, ನನಗೇ ಬುದ್ಧಿ ಕೆಟ್ಟಿದೆಯೇನೋ ಅಂತ. ಮಗಳನ್ನ ಕರ್ಕೊಂಡು ಹೋಗಿ ಬೋರ್ಡ್ ಓದಿಸ್ದೆ. ಅವಳೂ ನಾನು ಓದಿದ್ದನ್ನೇ ಓದಿ, ಅಮ್ಮ, ನಿನಗೆ ಏನಾಗಿದೆ ಅಂದ್ಳು. ನನ್ನ ಕಣ್ಣನ್ನ ನಾನೇ ನಂಬದ ಹಾಗೆ ಮಾಡಿದ್ರಲ್ಲ ನೀವು. ಈಗ ಹೋಗಿ. ಮಕ್ಕಳು ಊಟಕ್ಕೆ ಕೂರೋ ಹೊತ್ತು."

ಹಿಂಬಾಗಿಲಿನ ಕಟ್ಟೆಯ ಮೇಲೆ ಕೂತು ಬೆಲೆಯಕ್ಕ ಫೋನು ತೆಗೆದಳು. ಸಾಮಾನ್ಯವಾಗಿ ಒಂದು ಸಾಲು ಕಳಿಸಲು ಏಳು ಸಲ ತಿದ್ದುವವಳು, ಈಗ ತಿದ್ದಲಿಲ್ಲ. ನಲವತ್ತೊಂದು ಜನರಿಗೂ ಬರೆದಳು. 'ಬಟನ್ ತೆಗೆಸಿದ್ದೇನೆ. ಅದನ್ನು ಮಾಡಿಸಿದ್ದು ನನ್ನ ತಪ್ಪು. ಮೊಟ್ಟೆ ಈಗ ಐವತ್ತೆರಡು. ನಮ್ಮ ಪಟ್ಟಿಯಲ್ಲಿ ಮೂವತ್ತಾರು ಇದೆ. ನಿಜ ಕಳಿಸಿದವರನ್ನು ನಾನು ಹೊರಗೆ ಹಾಕಿದೆ. ಕಾಲುವೆಯಾಚೆ ಅರವತ್ತು ಮಕ್ಕಳಿಗೆ ಹದಿನೈದು ಮೊಟ್ಟೆಯನ್ನು ದಾರದಿಂದ ಕೊಯ್ಯುತ್ತಿರುವುದನ್ನು ಈಗ ನೋಡಿಬಂದೆ. ನಾಳೆ ಹನ್ನೆರಡು ಗಂಟೆಯೊಳಗೆ ಒಮ್ಮೆ ಅಂಗಡಿಯ ತನಕ ಹೋಗಿ, ಹಲಗೆಯ ಫೋಟೊ ಕಳಿಸಿ. ನಕ್ಷತ್ರ ಬರುವುದಿಲ್ಲ.'

ಸಂಜೆಯೊಳಗೆ ಹದಿನಾಲ್ಕು ಜನ ಬಿಟ್ಟುಹೋದರು. 'ನಮ್ಮನ್ನು ಕಳ್ಳರೆನ್ನುತ್ತೀರಾ' ಎಂದು ದರ್ಜಿ ಬರೆದರು. ಕಂಡಕ್ಟರ್ ಏನೂ ಬರೆಯಲಿಲ್ಲ. ಮನೆಯಲ್ಲಿ ಅತ್ತೆ ತಮ್ಮ ಫೋನಿಗೂ ಬಂದಿದ್ದ ಅದೇ ಸಂದೇಶವನ್ನು ಓದಿ, ಸೊಸೆಯ ಮುಖ ನೋಡದೆ ಕೂತಿದ್ದರು.

"ಇಷ್ಟು ದಿನ ನಾನು ಕಳಿಸಿದ್ದು ಎಲ್ಲಿಗೆ ಹೋಗ್ತಿತ್ತು ಅಂತ ನೀನು ಒಂದು ದಿನಾನೂ ಹೇಳ್ಲಿಲ್ಲ," ಎಂದರು. "ಕಳಿಸಿ, ಕಳಿಸಿ ಅಂದೆ. ನಕ್ಷತ್ರ ಕೊಟ್ಟೆ. ಮಕ್ಕಳ ಊಟ ಅಂತ ಹೇಳಿದ್ರೆ ನಾನು ತೆವಳ್ಕೊಂಡಾದ್ರೂ ಹೋಗ್ತಿದ್ದೆ."

ಎರಡು ವರ್ಷ ಕೈಮುಗಿದು, ಬೇಡಿ, ಹೊಗಳಿ ಜನರನ್ನು ಉಳಿಸಿಕೊಂಡವಳು ಅದೊಂದನ್ನು ಹೇಳಿರಲಿಲ್ಲ. ದೊಡ್ಡ ವಿಷಯ ಹೇಳಿ ಅವರಿಗೆ ಭಾರ ಹೊರಿಸುವುದು ಬೇಡ ಎಂದುಕೊಂಡಿದ್ದಳು. ಅಳು ಬರುವಂತಾಗಿ, ಏನಾದರೂ ಮಾತಾಡಬೇಕೆಂದು ಮೊಟ್ಟೆಯಂಗಡಿಯವನ ಕತೆ ಹೇಳಿದಳು.

ಅತ್ತೆ ಕನ್ನಡಕ ಹಣೆಯಿಂದ ಇಳಿಸಿದರು. "ತೀರ್ಕೊಂಡೆ ಅಂದ್ನಾ?"

"ಅನ್ಸತ್ತೆ ಅಂದ."

"ನಾಳೆ ಅಂಗಡಿ ತೆಗೀಲಿ. ಹೇಳ್ತೀನಿ ಅವನಿಗೆ."

ಗುರುವಾರ ಎಂಟೂವರೆಗೇ ಮೊದಲ ಫೋಟೊ ಬಂತು. ಅದರಲ್ಲಿ ಮೊಟ್ಟೆಯಂಗಡಿಯ ಹಲಗೆ ಓರೆಯಾಗಿತ್ತು, ಮೂಲೆಯಲ್ಲಿ ಅಂಗಡಿಯವನ ಬಾಯಿ ತೆರೆದ ಮುಖವೂ ಸಿಕ್ಕಿಬಿದ್ದಿತ್ತು. ಆಮೇಲೆ ಗಡಿಯಾರ ರಿಪೇರಿಯವರದು. ಹತ್ತು ಗಂಟೆಗೆ ನಾಲ್ಕು. ಹನ್ನೊಂದಕ್ಕೆ ಏಳು. ಬೆಲೆಯಕ್ಕ ಫೋನನ್ನು ಮೇಜಿನ ಮೇಲೆ ಕವುಚಿ ಹಾಕುವಳು, ಮತ್ತೆ ಎತ್ತಿ ನೋಡುವಳು. ಹನ್ನೊಂದೂ ಮುಕ್ಕಾಲಿಗೆ ಒಂಬತ್ತು. ಅಡುಗೆಯಮ್ಮನದು ಇರಲಿಲ್ಲ. ಹನ್ನೆರಡಕ್ಕೆ ಆರು ನಿಮಿಷವಿರುವಾಗ ದರ್ಜಿಯ ಫೋಟೊ ಬಂತು, ಕೆಳಗೆ ಒಂದು ಸಾಲು: 'ಕಳ್ಳ ಅಲ್ಲ. ಸೋಮಾರಿ.' ಅದರ ಹಿಂದೆಯೇ ಕಂಡಕ್ಟರದು, ಬಸ್ಸಿನ ಕಿಟಕಿಯಿಂದ ತೆಗೆದದ್ದು.

ಹನ್ನೊಂದು. ಅವಳು ಮೆಟ್ಟಿಲು ಹತ್ತಿ ಓಡಿದಳು. ಮುಖ್ಯಸ್ಥರು ಪಟ್ಟಿ ತಿದ್ದಿ ಸಹಿ ಹಾಕಿದರು. ಬಟನ್ನಿನ ವಿಷಯ ಬರೆದ ಕಾಗದವನ್ನೂ ಅವಳ ಮುಂದೆಯೇ ಮಡಿಸಿ ಲಕೋಟೆಗೆ ಹಾಕಿದರು. ಅದಕ್ಕೆ ಮೇಲಿನಿಂದ ಏನು ಉತ್ತರ ಬರುತ್ತದೋ ಇಬ್ಬರಿಗೂ ಗೊತ್ತಿರಲಿಲ್ಲ. ಹೊಸ ದರ ಸೋಮವಾರದಿಂದ ಎಂದಾಯಿತು. ಕಳೆದುಹೋದ ಹತ್ತು ವಾರಗಳಿಗೆ ಯಾವ ನಿಯಮವೂ ಪುಸ್ತಕದಲ್ಲಿರಲಿಲ್ಲ. ಅವಳು ಹುಡುಕಿದಳು, ಎರಡು ಸಲ.

ಸೋಮವಾರ ಇಪ್ಪತ್ತೇಳು ಹೆಸರುಗಳ ಪಟ್ಟಿಯ ಮುಂದೆ ಕೂತಿದ್ದಾಗ, ಒಂಬತ್ತು ಹತ್ತಕ್ಕೆ ಫೋನು ಟಿಣ್ ಎಂದಿತು. ಕಾಲುವೆಯಾಚೆಯ ಸಂಖ್ಯೆ. ಐದೂ ಬೆಲೆಗಳಿದ್ದವು, ಮೊಟ್ಟೆ ಐವತ್ತಮೂರು. ಹಲಗೆಯ ಮುಂದೆ ಒಂದು ಕನ್ನಡಕವನ್ನು ಹಿಡಿದು ಫೋಟೊ ತೆಗೆದಿದ್ದರು, ಗಾಜಿನೊಳಗಿಂದ ಅಂಕಿಗಳು ದಪ್ಪಗೆ ಕಾಣುತ್ತಿದ್ದವು. ಕೆಳಗೆ ಬರೆದಿತ್ತು: 'ಸರಿಯಾಗಿ ನೋಡಿದ್ದೇನೆ.'

ಧನ್ಯವಾದ ಎಂದು ಬರೆಯಲು ಹೋದ ಬೆರಳು ನಿಂತಿತು. ಆ ಪದ ಆ ಸಂಖ್ಯೆಗೆ ಹತ್ತೊಂಬತ್ತು ಸಲ ಹೋಗಿತ್ತು. ಬೆಲೆಯಕ್ಕ ಶಾಲು ಹೆಗಲಿಗೆ ಹಾಕಿಕೊಂಡು ಕೆಳಗಿಳಿದು, ಮೂಲೆಯ ಅಂಗಡಿಯ ತನಕ ನಡೆದು, ಅಲ್ಲಿನ ಹಲಗೆಯನ್ನು ಓದಿದಳು. ಆಮೇಲೆ ಅಲ್ಲೇ ನಿಂತು ಉತ್ತರ ಬರೆದಳು.

'ಇಲ್ಲೂ ಐವತ್ತಮೂರೇ ಅಮ್ಮ.'